ತಂಗೀನ ಕಾಲೇಜು ಬಿಡಿಸ್ಬೇಡ್ರಿ, ಮೊದ್ಲು ಅಕೌಂಟ್ ನೋಡ್ರಿ
ಮೊಳಕಾಲ್ಮೂರಿಂದ ದಾವಣಗೆರೆಗೆ ಬಂದು ಬಿಇ ಸೇರಿದ ತಂಗಿಗೆ ಮ್ಯಾಥ್ಸ್ ಫೇಲಾಗಿ ಬ್ಯಾಕ್ ಉಳಿದಿದೆ, ಸ್ಕಾಲರ್‌ಶಿಪ್ಪೂ ಬಂದಿಲ್ಲ, ಅಪ್ಪ ಬಿಡಿಸ್ತೀನಿ ಅಂತಿದಾರೆ ಅಂದ್ರಲ್ಲ, ಒಂದು ಬ್ಯಾಕ್‌ಗೆಲ್ಲಾ ವರ್ಷ ಹೋಗಲ್ಲ ಅಂತ ಅವರಿಗೆ ಹೇಳ್ರಿ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಲ್ಲಿ ಹಣ ಹಾಕಿದೀವಿ ಅಂತ ತೋರಿಸ್ತಿದ್ರೆ, ದುಡ್ಡು ಅವಳು ನೋಡ್ತಿರೋ ಪಾಸ್‌ಬುಕ್ಕಿಗೇ ಬರ್ಬೇಕು ಅಂತೇನಿಲ್ಲ, ಆಧಾರ್ ಕೊನೇಗೆ ಯಾವ ಬ್ಯಾಂಕಿಗೆ ಸೀಡ್ ಆಗಿದ್ಯೋ, ಅಂದ್ರೆ ಸರ್ಕಾರಿ ಹಣ ಬರೋಕೆ ಜೋಡಣೆ ಆಗಿದ್ಯೋ, ಅಲ್ಲಿಗೆ ಹೋಗಿರುತ್ತೆ, ಹತ್ತನೇ ಕ್ಲಾಸಲ್ಲಿ ಊರಲ್ಲಿ ತೆಗೆಸಿದ ಹಳೇ ಅಕೌಂಟೂ ಆಗಿರಬಹುದು, ಮೈಆಧಾರ್ ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದ್ರೆ ಗೊತ್ತಾಗುತ್ತೆ. ಒಬಿಸಿ ಆಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ರೆ ಊಟ-ವಸತಿಗೆ ಸರ್ಕಾರ ದುಡ್ಡು ಕೊಡೋ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕ್ಸಿ, ತಿಂಗಳಿಗಿಷ್ಟು ಅಂತ ಹತ್ತು ತಿಂಗಳು ಕೊಡ್ತಾರೆ, ಪಿಜಿ ಬಾಡಿಗೆಗೆ ಸಾಲಲ್ಲ ಬಿಡಿ, ಆದ್ರೂ ಮೆಸ್ ಬಿಲ್ಲಿಗೆ ಆಗುತ್ತೆ. ಮ್ಯಾಥ್ಸಿಗೆ ಹಳೇ ಕ್ವೆಶ್ಚನ್ ಪೇಪರ್ ಹಿಡ್ಕೊಂಡು, ಹಂತಗಳ್ನ ಕನ್ನಡದಲ್ಲೇ ಬರ್ಕೊಂಡು ಅರ್ಥ ಮಾಡ್ಕೊಳ್ಳಲಿ, ಇಂಗ್ಲಿಷ್ ಆಮೇಲೆ ಬರುತ್ತೆ. ಸೀನಿಯರ್ಸಲ್ಲಿ ಕನ್ನಡ ಮೀಡಿಯಂನವ್ರು ಇದ್ದೇ ಇರ್ತಾರೆ, ನಾಚ್ಕೋಬೇಡ ಕೇಳು ಅನ್ನಿ.