ಡೈಕ್‌ಸ್ಟ್ರಾ ಅಲ್ಗಾರಿದಮ್‌ಗಿಂತ ವೇಗವಾಗಿ ಅತಿ ಹತ್ತಿರದ ದಾರಿ ಹುಡುಕಲು ಸಾಧ್ಯವೇ?

ಸಾಧ್ಯ, 2025ರಲ್ಲಿ ಅದು ಸಾಬೀತಾಯಿತು.

ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾಗೆ 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೆಫೆಯೊಂದರಲ್ಲಿ, ಪೆನ್ನು ಕಾಗದವಿಲ್ಲದೆ, ಸುಮಾರು 20 ನಿಮಿಷದಲ್ಲಿ ಹೊಳೆದ ವಿಧಾನವೇ ಡೈಕ್‌ಸ್ಟ್ರಾ ಅಲ್ಗಾರಿದಮ್. ಇನ್ನೂ ದೂರ ಖಚಿತವಾಗದ ಬಿಂದುಗಳಲ್ಲಿ (ನಕ್ಷೆಯ ಊರುಗಳಂತೆ) ಮೂಲಕ್ಕೆ, ಅಂದರೆ ಹೊರಟ ಬಿಂದುವಿಗೆ, ಅತಿ ಹತ್ತಿರದ್ದನ್ನು ಆರಿಸು, ಅದರ ನೆರೆಯವುಗಳ ದೂರ ತಿದ್ದು, ಮತ್ತೆ ಆರಿಸು. ಇಷ್ಟೇ. ತೊಡಕಿರುವುದು ಆ 'ಅತಿ ಹತ್ತಿರದ್ದು' ಎಂಬಲ್ಲೇ. ಹೀಗೆ ಆರಿಸುತ್ತ ಹೋದರೆ ಎಲ್ಲ ಬಿಂದುಗಳೂ ದೂರದ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತವೆ. ಯಾರೂ ಕೇಳದ ಸಾರ್ಟಿಂಗ್ ಕೆಲಸವನ್ನೂ ಮಾಡಿದಂತಾಯಿತು!

ಚೀನಾದ ಸಂಶೋಧಕ ರಾನ್ ಡುವಾನ್ ಮತ್ತು ಸಂಗಡಿಗರು 2025ರಲ್ಲಿ ಈ ಪೂರ್ತಿ ಸಾರ್ಟಿಂಗ್ ಅನ್ನೇ ಕೈಬಿಟ್ಟರು. ಹುಡುಕಾಟ ತಲುಪಿರುವ ಗಡಿಯಲ್ಲಿನ ಬಿಂದುಗಳಿಂದ, ಸಾರ್ಟಿಂಗ್ ಇಲ್ಲದೆ ದೂರಗಳನ್ನು ಸುತ್ತುಸುತ್ತಾಗಿ ತಿದ್ದುವ ಬೆಲ್‌ಮನ್-ಫೋರ್ಡ್ ವಿಧಾನದ ಕೆಲವೇ ಸುತ್ತು ಓಡಿಸಿ, ಮುಖ್ಯವಾದವನ್ನಷ್ಟೇ ಉಳಿಸಿಕೊಂಡರು.

ಲಾಭ ವಿರಳ ಗ್ರಾಫ್‌ಗಳಲ್ಲಿ (ಕೊಂಡಿಗಳು ಕಡಿಮೆ ಇರುವ ಬಿಂದುಗಳ ಜಾಲಗಳಲ್ಲಿ), ಅದೂ ತೀರಾ ದೊಡ್ಡವುಗಳಲ್ಲಿ. ದಿನನಿತ್ಯದ ಕೋಡಿಂಗ್‌ಗೆ ಡೈಕ್‌ಸ್ಟ್ರಾ ಧಾರಾಳ ಸಾಕು. ಋಣ ತೂಕದ ಎಡ್ಜ್ (ದೂರ ಸೊನ್ನೆಗಿಂತ ಕಡಿಮೆ ಎಂದಿರುವ ಕೊಂಡಿ) ಇದ್ದರೆ ಮಾತ್ರ ಅದನ್ನು ನಂಬಬೇಡಿ.