ಕತ್ತಲೆ ಕೋಣೆ: ನೀಲಿ ಗಲ್ಲಿ, ಬೆಳ್ಳನೆಯ ಮರಳು

ಡಿಸೆಂಬರ್ ಹತ್ತಿರವಾದರೆ ಛಾಯಾಗ್ರಹಣದ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಅರ್ಧದಷ್ಟು ರಾಜಸ್ಥಾನದ ದಾರಿ ಹಿಡಿದಿರುತ್ತವೆ. ಈ ಸಲ ಅವನ್ನೆಲ್ಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ದುಬೈನಿಂದ ಬಂದ ಪತ್ರವೂ ಮರಳಿನದ್ದೇ ಆದ್ದರಿಂದ ಅದಕ್ಕೂ ಜಾಗ ಸಿಕ್ಕಿದೆ.

ತಂದೆಯವರ ಹಳೆಯ ಫಿಲ್ಮ್ ಕ್ಯಾಮೆರಾ, ಯಾಶಿಕಾ ಮ್ಯಾಟ್-124ಜಿ, ಅಟ್ಟದ ಮೇಲೆ ಸಿಕ್ಕಿತು. ಜೋಧಪುರ, ಜೈಸಲ್ಮೇರ್ ನೋಡಲು ಹೊರಟಿದ್ದೇವೆ. ಬೆಳಕು ಅಳೆಯುವ ಮೀಟರಿನ ಮುಳ್ಳು ಅಲುಗಾಡುವುದಿಲ್ಲ, ಅದರ ಬ್ಯಾಟರಿಯೂ ಎಲ್ಲೂ ಸಿಗುತ್ತಿಲ್ಲ. ಡಿಜಿಟಲ್ ಒಂದನ್ನೇ ಒಯ್ಯಲೇ? — ಓದುಗರೊಬ್ಬರು, ಗದಗ

ಎರಡನ್ನೂ ಒಯ್ಯಿರಿ. ಮೀಟರಿಗಾಗಿ ಮರುಗಬೇಡಿ. ಅದು ಕೇಳುವುದು 1.35 ವೋಲ್ಟಿನ ಪಾದರಸದ ಬ್ಯಾಟರಿ. ಪಾದರಸದ ವಿಷಕ್ಕೆ ಹೆದರಿ ಅದರ ತಯಾರಿಕೆಯನ್ನೇ ನಿಲ್ಲಿಸಿದ್ದಾರೆ. ಈಗಿನ 1.5 ವೋಲ್ಟಿನದನ್ನು ತುರುಕಿದರೆ ಮುಳ್ಳು ಎದ್ದರೂ ಸುಳ್ಳು ಹೇಳುತ್ತದೆ. ಚಳಿಗಾಲದ ಥಾರ್‌ನಲ್ಲಿ ಮೋಡ ಅಪರೂಪ, ಬಿಸಿಲೇ ನಿಮ್ಮ ಮೀಟರು. ಐಎಸ್‌ಒ (ಬೆಳಕಿಗೆ ಫಿಲ್ಮಿನ ಚುರುಕು) 100ರ ಫಿಲ್ಮ್ ಹಾಕಿದ್ದರೆ ನೆತ್ತಿಯ ಬಿಸಿಲಿಗೆ ಲೆನ್ಸಿನ ಕಿಂಡಿ ಎಫ್ 16 (ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು), ಷಟರಿನ ವೇಗ ಸೆಕೆಂಡಿನ 1/125. ಮರಳ ದಿಬ್ಬದ ಮೇಲೆ ಬೆಳಕು ಕೆಳಗಿನಿಂದಲೂ ಎದ್ದು ಬರುವುದರಿಂದ ಎಫ್ 22. ತೆರೆದ ನೆರಳಿನಲ್ಲಿ ಎಫ್ 5.6, ಎದುರುಬದುರು ಗೋಡೆಗಳ ಇಕ್ಕಟ್ಟು ಗಲ್ಲಿಯಲ್ಲಿ ಎಫ್ 4. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಮೆರಾದ ಚರ್ಮದ ಕವಚದೊಳಗೆ ಅಂಟಿಸಿ. ಬೆಳಕಿಗೆ ಇನ್ನೂ ಚುರುಕಾದ 400ರ ಫಿಲ್ಮ್ ಬೇಡ ಎನ್ನುತ್ತೇನೆ. ನಿಮ್ಮ ಷಟರಿನ ಗರಿಷ್ಠ ವೇಗ 1/500 ಮಾತ್ರ. ಮರುಭೂಮಿಯ ಮಧ್ಯಾಹ್ನದಲ್ಲಿ ಎಫ್ 22ಕ್ಕೇ ಕಟ್ಟಿಹಾಕಿದಂತಾಗುತ್ತದೆ.

ಹೊರಡುವ ಮುನ್ನ ಒಂದು ಪರೀಕ್ಷೆ ಮಾಡಿ. ಹಿಂಬದಿಯ ಬಾಗಿಲು ತೆರೆದು, ಫಿಲ್ಮಿಲ್ಲದೆ, 1 ಸೆಕೆಂಡಿನ ವೇಗದಲ್ಲಿ ಗುಂಡಿ ಒತ್ತಿ ನೋಡಿ. ವರ್ಷಗಟ್ಟಲೆ ಮಲಗಿದ ಷಟರಿನಲ್ಲಿ ಎಣ್ಣೆ ಗಟ್ಟಿಯಾಗಿ ನಿಧಾನದ ವೇಗಗಳು ಮೊದಲು ಕೆಡುತ್ತವೆ. ಅವು ಕೆಟ್ಟು 1/60ರಿಂದ ಮೇಲಿನವು ಸರಿಯಾಗಿದ್ದರೆ ಈ ಪ್ರವಾಸಕ್ಕೆ ಧಾರಾಳವಾಯಿತು. ದುರಸ್ತಿಗೆ ಕೊಟ್ಟು ತಿಂಗಳುಗಟ್ಟಲೆ ಕಾಯಬೇಡಿ.

ಇನ್ನು ಬೀದಿಯ ಮಾತು. ಈ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡಬೇಕು. ಕಣ್ಣಿಗೆ ಕಣ್ಣು ಕೊಟ್ಟು ಗುರಿಯಿಡುವ ಭಂಗಿಯೇ ಇಲ್ಲದ್ದರಿಂದ ಎದುರಿಗಿರುವವರು ಬಿಗಿಯುವುದಿಲ್ಲ. ಗಾಜಿನ ಮೇಲೆ ಎಡಬಲ ಅದಲುಬದಲಾಗಿ ಕಾಣುವುದರಿಂದ ಓಡುವ ಆಟೊವನ್ನು ಹಿಂಬಾಲಿಸಲು ಮಾತ್ರ ಹೋಗಬೇಡಿ, ಅದು ಡಿಜಿಟಲ್‌ನ ಕೆಲಸ. ಜೋಧಪುರದ ಘಂಟಾಘರದ ಕೆಳಗಿನ ಸರ್ದಾರ್ ಮಾರುಕಟ್ಟೆಯಲ್ಲಿ ಮಸಾಲೆ, ಬಳೆ, ಮಡಕೆ ಮಾರುವವರ ನಡುವೆ ಒಂದು ಮೂಲೆ ಹಿಡಿಯಿರಿ. ಬಿಸಿಲಿರುವ ಕಡೆ ಎಫ್ 11 ಇಟ್ಟು 4 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 3ರಿಂದ 6 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ನೀವು ಅಲುಗಾಡದೆ ನಿಂತರೆ ಸಾಕು, ಆ ಜಾಗದೊಳಕ್ಕೆ ಜನರೇ ನಡೆದು ಬರುತ್ತಾರೆ. ಒಂದು ರೋಲಿಗೆ 12 ಚಿತ್ರ. ಈಗಿನ ಬೆಲೆಯಲ್ಲಿ ಆ ಮಿತಿಯೇ ಕೈ ಹಿಡಿದು ನಿಲ್ಲಿಸುತ್ತದೆ.

ಸಾಧ್ಯವಾದರೆ ಹುಬ್ಬಳ್ಳಿಯ ಮೇಲೆ ಹಾಯುವ ಜೋಧಪುರ ರೈಲನ್ನೇ ಹಿಡಿಯಿರಿ. ವಿಮಾನವೇ ಆದರೆ ಫಿಲ್ಮನ್ನು ಲಗೇಜಿಗೆ ಹಾಕಬೇಡಿ, ಕೈಯಿಂದಲೇ ಪರೀಕ್ಷಿಸಿರೆಂದು ಸಿಬ್ಬಂದಿಯನ್ನು ಕೇಳಿಕೊಳ್ಳಿ. ವಿಮಾನ ನಿಲ್ದಾಣದ ತಪಾಸಣೆಯ ಹೊಸ ಬಗೆಯ ಸಿಟಿ ಸ್ಕ್ಯಾನರ್‌ಗಳು ತೊಳೆಯದ ಫಿಲ್ಮಿಗೆ ಮಂಕು ಬಡಿಸುತ್ತವೆ.

ಜೋಧಪುರದ ನೀಲಿ ಮನೆಗಳ ಮುಂದೆ ಹೆಂಡತಿ ಮಕ್ಕಳನ್ನು ನಿಲ್ಲಿಸಿ ತೆಗೆದ ಡಿಜಿಟಲ್ ಚಿತ್ರಗಳಲ್ಲಿ ಎಲ್ಲರೂ ಕಾಯಿಲೆ ಬಿದ್ದವರಂತೆ ಕಾಣುತ್ತಾರೆ. ಕ್ಯಾಮೆರಾ ಕೆಟ್ಟಿದೆಯೇ? — ಓದುಗರೊಬ್ಬರು, ಶಿವಮೊಗ್ಗ

ಕ್ಯಾಮೆರಾ ನೆಟ್ಟಗಿದೆ. ನೀಲಿ ಮನೆಗಳಿರುವ ಬ್ರಹ್ಮಪುರಿಯ ಓಣಿಗಳಲ್ಲಿ ನೇರ ಬಿಸಿಲು ಇಳಿಯುವುದು ಕಡಿಮೆ. ಇರುವ ಬೆಳಕಷ್ಟೂ ಮೇಲಿನ ನೀಲಿ ಆಕಾಶದಿಂದ ಮತ್ತು ಪಕ್ಕದ ನೀಲಿ ಗೋಡೆಯಿಂದ ಬಂದದ್ದು. ಮುಖ ನೀಲಿಯಾಗದೆ ಇನ್ನೇನಾದೀತು? ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸಿಗೆ ಬಿಟ್ಟರೆ ಅದು ಗೋಡೆಯ ನೀಲಿಯನ್ನು ತೆಗೆಯಲು ಹೋಗಿ ಎರಡನ್ನೂ ಕೆಡಿಸುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಆ ಜಾಗದಲ್ಲೇ ಒಂದು ಬಿಳಿ ಪಂಚೆಯನ್ನೋ ಕಾಗದವನ್ನೋ ಒಮ್ಮೆ ತೆಗೆದಿಟ್ಟುಕೊಂಡರೆ ಮನೆಗೆ ಬಂದು ಬಣ್ಣ ಸರಿಪಡಿಸಬಹುದು. ಇದಕ್ಕಿಂತ ಸುಲಭದ ಉಪಾಯ, ಗೋಡೆಯಿಂದ ನಾಲ್ಕು ಹೆಜ್ಜೆ ಮುಂದಕ್ಕೆ, ಎದುರಿನ ಮರಳುಗಲ್ಲಿನ ಕಟ್ಟಡಕ್ಕೆ ಬಿಸಿಲು ಬಿದ್ದಿರುವ ಕಡೆ ಅವರನ್ನು ನಿಲ್ಲಿಸುವುದು. ಕಲ್ಲಿನಿಂದ ಚಿಮ್ಮುವ ಹಳದಿ ಬೆಳಕು ಮುಖಕ್ಕೆ, ನೀಲಿ ಬೆನ್ನಿಗೆ.

ಕಪ್ಪು-ಬಿಳುಪು ಫಿಲ್ಮಿನವರಿಗೂ ಇಲ್ಲೊಂದು ಮಾತು. ಫಿಲ್ಟರಿಲ್ಲದೆ ತೆಗೆದರೆ ನೀಲಿ ಮನೆ ಸಪ್ಪೆ ಬೂದಿಯಾಗುತ್ತದೆ. ಕಿತ್ತಳೆ ಫಿಲ್ಟರ್ ಹಾಕಿ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಬೆಳಕು ಕೊಡಿ, ಗೋಡೆ ಗಾಢವಾಗಿ ಇಳಿದು ಮುಂದಿನ ಕೆಂಪು ಪೇಟ ಬೆಳಗುತ್ತದೆ. ಹಳೆಯ ಕಾಲದಲ್ಲಿ ಫಿಲ್ಮಿನ ಬದಲಿಗಿದ್ದ ಗಾಜಿನ ಪ್ಲೇಟುಗಳು ನೀಲಿಯನ್ನು ಬಿಳಿಯಾಗಿಯೂ ಕೆಂಪನ್ನು ಕಪ್ಪಾಗಿಯೂ ಕಾಣುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ರಾಜಸ್ಥಾನದ ಚಿತ್ರಗಳಲ್ಲಿ ಆಕಾಶ ಬೋಳಾಗಿರುವುದು ಅದಕ್ಕೇ. ಜಯಪುರದ ಮಹಾರಾಜ ಎರಡನೆಯ ಸವಾಯಿ ರಾಮಸಿಂಗ್ ಸ್ವತಃ ಛಾಯಾಗ್ರಾಹಕನಾಗಿದ್ದ. ಹಸಿ ಪ್ಲೇಟು ಒಣಗುವ ಮೊದಲೇ ಚಿತ್ರ ತೆಗೆದು ತೊಳೆದು ಮುಗಿಸಬೇಕಾಗಿದ್ದ ದಿನಗಳು ಅವು, ಅದೂ ಆ ಸೆಕೆಯಲ್ಲಿ! ಅವನು ತೆಗೆದ ಚಿತ್ರಗಳನ್ನು ನೋಡಿದಾಗಲೆಲ್ಲ ನಮ್ಮ ಗೊಣಗಾಟ ನಾಚಿಕೆಗೇಡು ಅನಿಸುತ್ತದೆ.

ಜೈಸಲ್ಮೇರ್ ಬಳಿಯ ಸಮ್‌ನ ಮರಳು ದಿಬ್ಬಗಳು ನನ್ನ ಚಿತ್ರದಲ್ಲಿ ಕೆಸರಿನ ಬಣ್ಣಕ್ಕೆ ತಿರುಗುತ್ತವೆ. — ಓದುಗರೊಬ್ಬರು, ಬಳ್ಳಾರಿ

ಮೀಟರು ಎಲ್ಲವನ್ನೂ ನಡುಬೂದಿಯೆಂದೇ ತಿಳಿದು ಬೆಳ್ಳನೆಯ ಮರಳನ್ನೂ ಮಬ್ಬಾಗಿಸುತ್ತದೆ. ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಕೊಡಿ. ಡಿಜಿಟಲ್‌ನಲ್ಲಿ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲಗೋಡೆಗೆ ಹಾಯದಂತೆ ನೋಡಿಕೊಂಡರಾಯಿತು. ನೆಗೆಟಿವ್ ಫಿಲ್ಮಾದರೆ ಇನ್ನೊಂದು ಸ್ಟಾಪ್ ಹೆಚ್ಚಾದರೂ ಸಹಿಸಿಕೊಳ್ಳುತ್ತದೆ. ಮತ್ತೆ, ನಡುಮಧ್ಯಾಹ್ನ ದಿಬ್ಬಕ್ಕೆ ಹೋಗುವುದೇಕೆ? ಅಲೆಗಳ ನೆರಳು ಬೀಳುವುದು ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ.

ಮರಳು ಒಳಗೆ ಹೋಗದಂತೆ ಏನು ಮಾಡಬೇಕು? — ಓದುಗರೊಬ್ಬರು, ಮಂಗಳೂರು

ಡಿಜಿಟಲ್ ಕ್ಯಾಮೆರಾದ ಲೆನ್ಸನ್ನು ಬಯಲಿನಲ್ಲಿ ಬದಲಿಸಲೇಬೇಡಿ. ಒಂದೇ ಲೆನ್ಸಿನಲ್ಲಿ ದಿನ ಕಳೆಯಿರಿ. ಗಾಜಿನ ಮೇಲೆ ಕುಳಿತ ಮರಳನ್ನು ಬಟ್ಟೆಯಿಂದ ಒರೆಸಿದರೆ ಗೀರು ಖಚಿತ, ಮೊದಲು ರಬ್ಬರ್ ಬ್ಲೋವರಿನಿಂದ ಊದಿ. ಫಿಲ್ಮ್ ಕ್ಯಾಮೆರಾದಲ್ಲಿ ಒಂದೇ ಕಣ ಫಿಲ್ಮನ್ನು ಸಮತಟ್ಟಾಗಿ ಹಿಡಿಯುವ ಒತ್ತುತಟ್ಟೆಯ ಮೇಲೆ ಕೂತರೆ ರೋಲಿನ ಉದ್ದಕ್ಕೂ ನೆಟ್ಟಗಿನ ಗೆರೆ ಬೀಳುತ್ತದೆ. ಆದ್ದರಿಂದ ರೋಲು ಬದಲಿಸುವುದು ಜೀಪಿನೊಳಗೆ, ಕಿಟಕಿ ಮುಚ್ಚಿ. ಫಿಲ್ಮನ್ನು ಥರ್ಮೊಕೋಲ್ ಡಬ್ಬಿಯಲ್ಲಿಡಿ. ಜೋಧಪುರದ ಹತ್ತಿರದ ಫಲೋದಿಯಲ್ಲಿ 2016ರ ಮೇ ತಿಂಗಳಲ್ಲಿ 51 ಡಿಗ್ರಿ ದಾಖಲಾಗಿತ್ತು. ಅಂಥ ದಿನ ಮುಚ್ಚಿದ ಕಾರಿನಲ್ಲಿ ಫಿಲ್ಮಿನ ಗತಿ ಹೇಳಬೇಕಿಲ್ಲ. ನಿಮ್ಮ ಕರಾವಳಿಗೆ ಮರಳಿದ ಮೇಲೆ ಶತ್ರು ಬೂಷ್ಟು, ಆ ಮಾತು ಇನ್ನೊಮ್ಮೆ.

ಜೈಸಲ್ಮೇರ್‌ನಲ್ಲಿ ಕ್ಯಾಮೆರಾ ಎತ್ತಿದರೆ ಸಾಕು, ಒಂಟೆಯವರು ಹಣ ಕೇಳುತ್ತಾರೆ. ಹಣ ಕೊಟ್ಟು ತೆಗೆದ ಚಿತ್ರ ಸಹಜವಾಗಿರಲು ಹೇಗೆ ಸಾಧ್ಯ? — ಓದುಗರೊಬ್ಬರು, ಬೆಳಗಾವಿ

ಕೇಳಿದರೆ ತಪ್ಪೇನು? 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು, 2019ರಲ್ಲಿ ಉಳಿದದ್ದು ಸುಮಾರು ಎರಡೂವರೆ ಲಕ್ಷ. ಹೊಲದ ಕೆಲಸವನ್ನು ಟ್ರ್ಯಾಕ್ಟರ್ ಕಿತ್ತುಕೊಂಡಿತು, ಹೊರೆ ಹೊರುವುದನ್ನು ಟೆಂಪೊ ಕಿತ್ತುಕೊಂಡಿತು. 2014ರಲ್ಲಿ ಒಂಟೆಯನ್ನು ರಾಜ್ಯಪ್ರಾಣಿಯೆಂದು ಘೋಷಿಸಿದ ಮೇಲೆ ಬಂದ ಕಾನೂನು ಕೊಲ್ಲುವುದನ್ನೂ ಹೊರರಾಜ್ಯಕ್ಕೆ ಸಾಗಿಸುವುದನ್ನೂ ಬಿಗಿ ಮಾಡಿದ್ದರಿಂದ, ಸಾಕುವ ರಾಯಿಕಾ ಜನರಿಗೆ ಮಾರುವ ದಾರಿಯೂ ಕಿರಿದಾಯಿತು. ಪ್ರವಾಸಿಯ ಚಿತ್ರವೇ ಕೆಲವರಿಗೆ ಉಳಿದ ಆದಾಯ.

ಚಿತ್ರಕ್ಕೆ ಇಂತಿಷ್ಟೆಂದು ಕೊಡುವ ಬದಲು ಅರ್ಧ ದಿನದ ಹೊತ್ತಿಗೆ ಕೂಲಿ ಮಾತಾಡಿಕೊಂಡು ಅವರ ಹಿಂದೆ ನಡೆಯಿರಿ. ಮೊದಲ ಗಂಟೆ ಅವರು ಪೋಸು ಕೊಡುತ್ತಾರೆ, ಆಮೇಲೆ ಬೇಸತ್ತು ತಮ್ಮ ಕೆಲಸಕ್ಕೆ ತೊಡಗುತ್ತಾರೆ. ಸೂರ್ಯಾಸ್ತದ ಎದುರು ಒಂಟೆಸಾಲಿನ ಕಪ್ಪು ನೆರಳನ್ನು ದಯವಿಟ್ಟು ಇನ್ನಾದರೂ ಬಿಡಿ. ಅದು ಕ್ಯಾಲೆಂಡರಿನವರ ಪಾಲಿಗಿರಲಿ. ಮಳೆನೀರು ಹಿಡಿದಿಡುವ ನೆಲದೊಳಗಿನ ಟಾಂಕಾ, ಅದರ ಬಾಯಿಯ ಬಳಿ ಬಿಂದಿಗೆ ಹೊತ್ತ ಹೆಂಗಸರು, ಖೇಜ್ಡಿ ಮರ ಹತ್ತಿ ಸೊಪ್ಪು ಕತ್ತರಿಸುವವರು, ಬಿಕಾನೇರ್‌ನಲ್ಲಿ ಕೂದಲು ಕತ್ತರಿಸಿಯೇ ಒಂಟೆಯ ಮೈಮೇಲೆ ಚಿತ್ತಾರ ಬಿಡಿಸುವ ಕೈಗಳು, ಜೈಸಲ್ಮೇರ್ ಸುತ್ತಲಿನ ಗಾಳಿಗಿರಣಿಗಳ ಕೆಳಗೆ ಮೇಯುವ ಕುರಿಗಳು, ಫಲೋದಿ ಬಳಿಯ ಭಡ್ಲಾದಲ್ಲಿ 2,245 ಮೆಗಾವ್ಯಾಟಿನ ಸೌರಫಲಕಗಳು ಹಾಸಿಕೊಂಡಿರುವ ನೆಲ. ಈಗಿನ ಮರುಭೂಮಿಯ ಬದುಕೆಂದರೆ ಇದು.

ಜಯಪುರದ ಹವಾಮಹಲಿನ ಎದುರು ಮರದ ಪೆಟ್ಟಿಗೆ ಕ್ಯಾಮೆರಾ ಇಟ್ಟುಕೊಂಡು ಕೂರುತ್ತಿದ್ದವರನ್ನು ನೋಡಿದ್ದೇನೆ. ಪೆಟ್ಟಿಗೆಯೊಳಗೇ ಕಾಗದದ ನೆಗೆಟಿವ್ ತೊಳೆದು, ಅದನ್ನು ಮತ್ತೆ ಅದೇ ಲೆನ್ಸಿನ ಮುಂದೆ ಇಟ್ಟು ಚಿತ್ರ ತೆಗೆದು, ನಿಮಿಷಗಳಲ್ಲಿ ಪ್ರಿಂಟ್ ಕೊಡುತ್ತಿದ್ದರು. ಕುಳಿತವರ ಕೈಗೆ ಅವರ ಚಿತ್ರ ಅಲ್ಲೇ ಸೇರುತ್ತಿತ್ತು. ನೀವೂ ವಿಳಾಸ ಬರೆದುಕೊಂಡು ಅಂಚೆಯಲ್ಲಿ ಒಂದು ಪ್ರಿಂಟ್ ಕಳುಹಿಸಿ. ವಾಟ್ಸ್ಆ್ಯಪ್ ಸಾಲದೇ ಎಂದು ಕೇಳುತ್ತೀರಿ. ಸಾಲದು.

ದುಬೈನ ದೇರಾ ಬೀದಿಗಳಲ್ಲಿ, ಆಚೆಯ ಮರುಭೂಮಿಯಲ್ಲಿ ಚಿತ್ರ ತೆಗೆಯುವ ಆಸೆ. ಇಲ್ಲಿನ ಕಾನೂನಿಗೆ ಹೆದರಿಕೆ. — ಓದುಗರೊಬ್ಬರು, ದುಬೈ

ಹೆದರಿಕೆ ಒಳ್ಳೆಯದೇ. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚಿದರೆ ಅಲ್ಲಿನ ಸೈಬರ್ ಅಪರಾಧ ಕಾನೂನಿನಡಿ ಶಿಕ್ಷೆಯಾಗಬಹುದು. ಹೆಂಗಸರು, ಕುಟುಂಬಗಳು, ಸರ್ಕಾರಿ ಮತ್ತು ಸೈನಿಕ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ದೇರಾದ ತೊರೆಯಲ್ಲಿ ಅಬ್ರಾ ದೋಣಿ ಹತ್ತಿ, ನಡೆಸುವವರನ್ನು ಹಿಂದಿಯಲ್ಲೇ ಕೇಳಿ, ಒಪ್ಪಿದರೆ ತೆಗೆಯಿರಿ. ಮರುಭೂಮಿಗೆ ಗುರು ಬೇಕಿದ್ದರೆ ಬ್ರಿಟಿಷ್ ಅನ್ವೇಷಕ ವಿಲ್ಫ್ರೆಡ್ ಥೆಸಿಗರ್ ತೆಗೆದ ಚಿತ್ರಗಳನ್ನು ಹುಡುಕಿ ನೋಡಿ. 1940ರ ದಶಕದ ಕೊನೆಗೆ ಅಲೆಮಾರಿ ಬೆದು ಜನರೊಂದಿಗೆ ಅರೇಬಿಯಾದ ರುಬ್ ಅಲ್ ಖಾಲಿ ಮರುಭೂಮಿಯನ್ನು ಎರಡು ಸಲ ದಾಟಿದ ಆತ, ತನ್ನ ಲೈಕಾ ಕ್ಯಾಮೆರಾವನ್ನು ಮರಳಿನಿಂದ ಕಾಪಾಡಿದ್ದು ಆಡಿನ ಚರ್ಮದ ಚೀಲದಲ್ಲಿ. ಸುಮಾರು 38,000 ನೆಗೆಟಿವ್‌ಗಳು ಈಗ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಮ್ಮಿನಲ್ಲಿವೆ. ಜೊತೆಗಿದ್ದವರ ಮುಖಗಳನ್ನು ಎಷ್ಟು ಹತ್ತಿರದಿಂದ ತೆಗೆದಿದ್ದಾನೆಂದು ಗಮನಿಸಿ. ಹಸಿವನ್ನೂ ನೀರನ್ನೂ ಹಂಚಿಕೊಂಡವನಿಗೆ ಮಾತ್ರ ಸಿಗುವ ಹತ್ತಿರ ಅದು.

ಕಪ್ಪು-ಬಿಳುಪು ಫಿಲ್ಮನ್ನು ಜೈಸಲ್ಮೇರ್‌ನ ಹೋಟೆಲಿನಲ್ಲೇ ತೊಳೆಯಬಹುದೇ? — ಓದುಗರೊಬ್ಬರು, ಧಾರವಾಡ

ತೊಳೆಯಬಹುದು, ಆದರೆ ಏಕೆ ಆ ಉಸಾಬರಿ? ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ 20 ಡಿಗ್ರಿ ಬೇಕು. ಡಿಸೆಂಬರಿನಲ್ಲಿ ಅದು ಸಿಗುತ್ತದೆ, ಏಪ್ರಿಲಿನಲ್ಲಿ ಐಸ್ ಹುಡುಕಬೇಕು. ಡೆವಲಪರ್ ತಣ್ಣಗಿದ್ದು ತೊಳೆಯುವ ನೀರು ಬಿಸಿಯಾದರೆ ಫಿಲ್ಮಿನ ಮೇಲಿನ ಎಮಲ್ಷನ್ ಲೇಪ ಸುಕ್ಕುಗಟ್ಟುತ್ತದೆ. ನಲ್ಲಿಯ ನೀರು ಗಡುಸಾದರೆ ಒಣಗಿದ ಮೇಲೆ ಬಿಳಿ ಕಲೆಗಳು. ಕೊನೆಯ ತೊಳೆತಕ್ಕೆ ಡಿಸ್ಟಿಲ್ಡ್ ವಾಟರೇ ಬೇಕು. ಹಟ ಬಿಡದವರು ಬಚ್ಚಲಮನೆಯಲ್ಲಿ ಬಿಸಿನೀರು ಬಿಟ್ಟು ಹಬೆಯಿಂದ ಧೂಳು ಅಡಗಿಸಿ, ಆಮೇಲೆ ಫಿಲ್ಮ್ ನೇತುಹಾಕಿ ಬಾಗಿಲು ಮುಚ್ಚಿ. ಒಣಗುವವರೆಗೆ ಮನೆಯವರನ್ನು ಸ್ನಾನಕ್ಕೆ ಬಿಡಬೇಡಿ.