ಬೆಳ್ಳಿ ನೀರು ಕುಡಿದವರ ಮುಖ ಬೂದಿಬಣ್ಣಕ್ಕೆ ತಿರುಗುವುದೇಕೆ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ತೂಕ 60 ಕೆಜಿ. ರೋಗನಿರೋಧಕ ಶಕ್ತಿ ಹೆಚ್ಚುತ್ತದೆಂದು ಆನ್‌ಲೈನಿನಲ್ಲಿ ತರಿಸಿದ ‘ಕೊಲಾಯ್ಡಲ್ ಸಿಲ್ವರ್’ (ಬೆಳ್ಳಿಯ ಅತಿಸಣ್ಣ ಕಣ ಬೆರೆತ ನೀರು) ದ್ರವವನ್ನು ಎರಡು ವರ್ಷದಿಂದ ದಿನಾ ಕುಡಿಯುತ್ತಿದ್ದಾರೆ. ಈಗ ಹಣೆ, ಕೆನ್ನೆ, ಉಗುರಿನ ಬುಡವೆಲ್ಲ ನೀಲಿ ಬೆರೆತ ಬೂದಿಬಣ್ಣಕ್ಕೆ ಬಂದಿವೆ. ಬನಿಯನ್ ಒಳಗಿನ ಮೈ ಮೊದಲಿನಂತೆಯೇ ಇದೆ. ಬಂಗು ಇರಬಹುದೆಂದು ಮೂರು ತಿಂಗಳು ಕ್ರೀಮ್ ಹಚ್ಚಿದರೂ ಕಡಿಮೆಯಾಗಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಆ ದ್ರವ ಕುಡಿಯುವುದನ್ನು ಇವತ್ತೇ ನಿಲ್ಲಿಸಲಿ. ಬಾಟಲಿ ಮಾತ್ರ ಎಸೆಯಬೇಡಿ, ಲೇಬಲ್ ಸಮೇತ ಚರ್ಮರೋಗ ತಜ್ಞರಿಗೆ ತೋರಿಸಬೇಕು. ನೀವು ಬರೆದಿರುವುದು ಹೆಚ್ಚುಕಡಿಮೆ ಆರ್ಜಿರಿಯಾದ ಲಕ್ಷಣ, ಅಂದರೆ ಮೈಯಲ್ಲಿ ಬೆಳ್ಳಿ ಸೇರಿಕೊಂಡು ಬರುವ ಬಣ್ಣ.

ರಕ್ತಕ್ಕೆ ಸೇರಿದ ಬೆಳ್ಳಿ ಚರ್ಮದ ಒಳಪದರದಲ್ಲಿ, ಅದರಲ್ಲೂ ಬೆವರಿನ ಗ್ರಂಥಿಗಳ ಸುತ್ತ, ಸಣ್ಣ ಕಣಗಳಾಗಿ ಕೂರುತ್ತದೆ. ಹಳೆಯ ಕಪ್ಪು-ಬಿಳುಪು ಫಿಲಂ ಬೆಳಕಿಗೆ ಕಪ್ಪಾಗುತ್ತಿತ್ತಲ್ಲ, ಇಲ್ಲಿ ನಡೆಯುವುದೂ ಅದೇ ರಸಾಯನ. ಅದಕ್ಕೇ ಬಿಸಿಲು ಬೀಳುವ ಮುಖ, ಕುತ್ತಿಗೆ, ಮುಂಗೈ ಹೆಚ್ಚು ಬಣ್ಣಗೆಡುತ್ತವೆ, ಬನಿಯನ್ ಮುಚ್ಚಿದ ಮೈ ಉಳಿದುಕೊಳ್ಳುತ್ತದೆ. ಬಂಗಿನ ಕ್ರೀಮ್ ಕೆಲಸ ಮಾಡುವುದು ಚರ್ಮಕ್ಕೆ ಸಹಜ ಬಣ್ಣ ಕೊಡುವ ಮೆಲನಿನ್ ಮೇಲೆ. ಲೋಹದ ಕಣ ಅದಕ್ಕೆ ಕರಗದು.

ಪ್ರಮಾಣದ ಲೆಕ್ಕ ನೋಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಟ್ಟಿರುವ ಮಿತಿ ದಿನಕ್ಕೆ ಕೆಜಿ ತೂಕಕ್ಕೆ 0.005 ಮಿಲಿಗ್ರಾಂ. ನಿಮ್ಮ ತಂದೆಗೆ ಅದು 0.3 ಮಿಲಿಗ್ರಾಂ ಆಯಿತು. ಬಾಟಲಿಯ ಮೇಲೆ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ ಬೆಳ್ಳಿ) ಎಂದಿದ್ದರೆ 30 ಮಿಲಿಲೀಟರಿಗೇ ಮಿತಿ ಮುಗಿಯುತ್ತದೆ. 500 ಪಿಪಿಎಂ ಇದ್ದರೆ ಒಂದೇ ಟೀ ಚಮಚದಲ್ಲಿ (5 ಮಿಲಿಲೀಟರ್) 2.5 ಮಿಲಿಗ್ರಾಂ, ಅಂದರೆ ಮಿತಿಯ ಎಂಟು ಪಟ್ಟಿಗೂ ಹೆಚ್ಚು. ಎರಡು ಬೆಳ್ಳಿ ಕಡ್ಡಿಗೆ ಬ್ಯಾಟರಿ ಜೋಡಿಸಿ ಮನೆಯಲ್ಲೇ ಮಾಡಿಕೊಳ್ಳುವವರಿಗಂತೂ ಎಷ್ಟು ಬೆಳ್ಳಿ ಕುಡಿಯುತ್ತಿದ್ದೇವೆಂಬ ಅಂದಾಜೇ ಇರುವುದಿಲ್ಲ. ಅಮೆರಿಕದ ಮೊಂಟಾನಾ ರಾಜ್ಯದ ಸ್ಟ್ಯಾನ್ ಜೋನ್ಸ್ 2000ನೇ ಇಸವಿ ಬಂದೊಡನೆ ಕಂಪ್ಯೂಟರುಗಳು ಕೈಕೊಟ್ಟು ಆಂಟಿಬಯೋಟಿಕ್ ಸಿಗದೆ ಹೋದೀತೆಂದು ಹೀಗೆ ಮಾಡಿ ಕುಡಿದವರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮುಖ ನೀಲಿ-ಬೂದಿಯಾಗಿತ್ತು. ಇಂಥ ಉತ್ಪನ್ನ ಯಾವ ಕಾಯಿಲೆಗೂ ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದೆಂದು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ಇಷ್ಟಾದರೂ ಇದನ್ನು ‘ನೈಸರ್ಗಿಕ’ ಎಂದು ಮಾರುತ್ತಿರುವುದು ಅನ್ಯಾಯ.

ನೀಲಿ ಎಂದರೆಲ್ಲ ಬೆಳ್ಳಿಯಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದರೂ ತುಟಿ, ಉಗುರು ನೀಲಿಯಾಗುತ್ತವೆ. ಬಣ್ಣ ದಿಢೀರನೆ ಬಂದಿದ್ದರೆ ಅಥವಾ ಏದುಸಿರು ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆಳ್ಳಿಯ ಬಣ್ಣ ಬೆರಳಿನಿಂದ ಒತ್ತಿದರೆ ಮಾಸದು. ಹೃದಯ ಬಡಿತದ ತೊಂದರೆಗೆ ಕೊಡುವ ಅಮಿಯೊಡರೋನ್, ಮೊಡವೆಗೆ ಕೊಡುವ ಮಿನೊಸೈಕ್ಲಿನ್ ಕೂಡ ಹೀಗೆ ಬಣ್ಣ ತರಬಲ್ಲವು, ಆದ್ದರಿಂದ ಮಾತ್ರೆಗಳ ಪಟ್ಟಿ ಒಯ್ಯಿರಿ. ಖಚಿತಪಡಿಸಲು 3-4 ಮಿಲಿಮೀಟರ್ ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಬಣ್ಣ ತಾನಾಗಿ ಹೋಗುವುದಿಲ್ಲ. ಲೋಹ ಹೊರತೆಗೆಯುವ ಕೀಲೇಶನ್ ಚುಚ್ಚುಮದ್ದಿಗೆ ದುಡ್ಡು ಸುರಿಯಬೇಡಿ, ಬೆಳ್ಳಿಯ ಬಣ್ಣಕ್ಕೆ ಅದರಿಂದ ಪ್ರಯೋಜನವಿಲ್ಲ. ಗುಣ ಕಂಡಿರುವುದು 1064 ನ್ಯಾನೊಮೀಟರಿನ ಕ್ಯೂ-ಸ್ವಿಚ್ಡ್ (ಅತಿ ಚುಟುಕು ಮಿಂಚಿನಂತೆ ಬೆಳಕು ಬಿಡುವ) ಲೇಸರಿನಿಂದ. ಹಚ್ಚೆ ತೆಗೆಯಲು ಬಳಸುವುದೂ ಇದನ್ನೇ, ಕೂದಲು ತೆಗೆಯುವ ಲೇಸರ್ ಬೇರೆ. ನೋವು ಜಾಸ್ತಿ, ಮರಗಟ್ಟಿಸುವ ಚುಚ್ಚುಮದ್ದು ಬೇಕಾಗುತ್ತದೆ. ಇಡೀ ಮುಖಕ್ಕೆ ಹಲವು ಸಲ ಹೋಗಬೇಕಾದೀತು. ನಮ್ಮ ಮೈಬಣ್ಣದವರಲ್ಲಿ ಹೊಸ ಕಲೆ ಬೀಳುವ ಅಪಾಯವಿರುವುದರಿಂದ, ಮೊದಲು ಕಿವಿಯ ಹತ್ತಿರ ನಾಣ್ಯದಷ್ಟು ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲವು ವಾರ ಕಾದು ನೋಡಿ. ಅಲ್ಲಿಯವರೆಗೆ ಅಂಚಗಲದ ಟೋಪಿ, ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಬಣ್ಣ ಬೆರೆತ ಸನ್‌ಸ್ಕ್ರೀನ್ ಇರಲಿ. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದಕ್ಕೆ ಹಿಂಡಿದಷ್ಟು ಹಚ್ಚಬೇಕು, ಹೊರಗಿದ್ದರೆ ಎರಡು-ಮೂರು ಗಂಟೆಗೊಮ್ಮೆ ಮತ್ತೆ.

ಪ್ರಶ್ನೆ: ಬೆಳ್ಳಿ ಕೆಲಸ ಮಾಡುತ್ತೇನೆ. ಬೆರಳ ತುದಿಯಲ್ಲಿ ಸಾಸಿವೆಯಷ್ಟು ನೀಲಿ ಚುಕ್ಕೆಗಳಿವೆ. ಮೈಗೆಲ್ಲ ಹರಡುತ್ತವೆಯೇ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ. ಅರ ಹಾಕುವಾಗ ಚುಚ್ಚಿಕೊಂಡ ಬೆಳ್ಳಿಯ ಚೂರು ಅಲ್ಲಲ್ಲೇ ಉಳಿದಿದೆ, ಅಷ್ಟೇ. ಗಾಯವಾದ ಕೂಡಲೇ ಸೋಪು ನೀರಿನಲ್ಲಿ ತೊಳೆದು ಚೂರು ತೆಗೆಯಿರಿ, ಧೂಳೇಳುವ ಕೆಲಸಕ್ಕೆ ಮಾಸ್ಕ್ ಹಾಕಿಕೊಳ್ಳಿ. ಆದರೆ ಹೊಸ ಚುಕ್ಕೆ ದೊಡ್ಡದಾಗುತ್ತಿದ್ದರೆ, ಅಂಚು ಒರಟಾಗಿದ್ದರೆ ತೋರಿಸಲೇಬೇಕು, ಚರ್ಮದ ಕ್ಯಾನ್ಸರಿನ ಗುಳ್ಳೆಯೂ ಕೆಲವೊಮ್ಮೆ ಹೀಗೇ ಕಾಣುತ್ತದೆ.

ಪ್ರಶ್ನೆ: ಮಗುವಿಗೆ ಬೆಳ್ಳಿ ಒಳಲೆಯಲ್ಲಿ ಹಾಲು ಕುಡಿಸುತ್ತೇವೆ. ವರಕು ಹಾಕಿದ ಬರ್ಫಿಯನ್ನೂ ತಿನ್ನುತ್ತೇವೆ. ಬಿಡಬೇಕೇ?
– ಓದುಗರು, ಮೈಸೂರು

ಉತ್ತರ: ಬಿಡಬೇಕಿಲ್ಲ. ಗಟ್ಟಿ ಬೆಳ್ಳಿ ಹಾಲಿನಲ್ಲಿ ಕರಗುವುದು ತೀರಾ ಅತ್ಯಲ್ಪ. ಒಳಲೆಯ ಮೂತಿಯೊಳಗೆ ಹಾಲಿನ ಜಿಡ್ಡು ನಿಲ್ಲದಂತೆ ಬಿಸಿನೀರಲ್ಲಿ ಕುದಿಸಿ, ಪಾಲಿಷ್ ದ್ರವ ಮುಟ್ಟಿಸಬೇಡಿ. ಹಬ್ಬಕ್ಕೆ ತಿನ್ನುವ ಎರಡು ತುಂಡು ಬರ್ಫಿಯ ವರಕು ಬಹುಪಾಲು ಮಲದಲ್ಲೇ ಹೋಗುತ್ತದೆ. ಬೆಳ್ಳಿ ಲೇಪದ ಏಲಕ್ಕಿ, ಬಾಯಿ ಘಮಘಮಿಸುವ ಗುಳಿಗೆಗಳನ್ನು ವರ್ಷಗಟ್ಟಲೆ ದಿನಾ ಹಿಡಿ ಹಿಡಿ ಜಗಿಯುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ಬಿಡಿಸಿ.